ನೆಲಕ್ಕೆ ತೂತು ಹೊಡೆಯದವರು

ಮಳಿಗೆ ಬಿಟ್ಟುಕೊಡುವ ದಿನ ಮಾಲೀಕರ ಮಗ ಬಂದು ಗೋಡೆಗಳನ್ನು ಒಂದೊಂದಾಗಿ ನೋಡಿದರು. ಹರಿಹರದ ಹಳೇ ಪಿ.ಬಿ. ರಸ್ತೆಯ ಆ ಪುಟ್ಟ ಮಳಿಗೆಯಲ್ಲಿ ಒಬ್ಬರೇ ಬಾಡಿಗೆದಾರರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕುಶನ್ ಕೆಲಸ ಮಾಡಿಕೊಂಡಿದ್ದರು. ಸುಣ್ಣ ಮಾಸಿತ್ತು, ಮೂಲೆಯಲ್ಲಿ ತೆಂಗಿನ ನಾರಿನ ದೂಳು ಕಟ್ಟಿತ್ತು. ಆದರೆ ಎಲ್ಲಿಯೂ ಒಂದು ಮೊಳೆಯಾಗಲಿ, ಮೊಳೆ ಕಿತ್ತ ಗುಂಡಿಯಾಗಲಿ ಇರಲಿಲ್ಲ. ಅವರಿಗೆ ನಂಬಿಕೆ ಬರಲಿಲ್ಲ. ಹಾಗಾದರೆ ಕ್ಯಾಲೆಂಡರ್ ಎಲ್ಲಿ ತೂಗು ಹಾಕುತ್ತಿದ್ದರು ಎಂದು ನನ್ನನ್ನು ಕೇಳಿದರು. ನಾನು ಮೇಲೆ ತೋರಿಸಿದೆ. ಚಾವಣಿಯ ಮರದ ತೊಲೆಗೆ ಹಗ್ಗ ಸುತ್ತಿ, ಆ ಹಗ್ಗಕ್ಕೆ ಕ್ಯಾಲೆಂಡರ್, ಕತ್ತರಿ, ಅಂಗಿ, ಟೋಪಿ, ಊಟದ ಡಬ್ಬಿ ಎಲ್ಲವನ್ನೂ ಇಳಿಬಿಟ್ಟಿದ್ದರು. ಆ ಹಗ್ಗಗಳನ್ನು ಬಿಚ್ಚಲು ನಮಗೆ ಹತ್ತು ನಿಮಿಷವೂ ಬೇಕಾಗಿರಲಿಲ್ಲ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಂಗಡಿಗೆ ಒಂದು ಬೋರ್ಡನ್ನೂ ಹಾಕಿಸಿದವರಲ್ಲ ಅವರು. ಹಾಕಿಸಿದ್ದರೆ ಅದಕ್ಕೂ ಗೋಡೆಗೆ ಮೊಳೆ ಹೊಡೆಯಬೇಕಾಗುತ್ತಿತ್ತಲ್ಲ. ಊರಿಗೆಲ್ಲ ಅವರು ಕುಶನ್ ಚಾಚಾ. ನನಗೂ ಚಾಚಾ. ಅವರಿಗೆ ನಾನು ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಹಾಗೆ ಕರೆಯುವ ಹಳೆಯ ರೂಢಿ ಉಂಟು. ನಾನು ದಾವಣಗೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿ ನಿವೃತ್ತಳಾದವಳು. ಅವರು ಶಾಲೆಯ ಮುಖ ಕಂಡದ್ದು ಮೂರನೇ ಕ್ಲಾಸಿನವರೆಗೆ. ಆದರೂ ನಮ್ಮಿಬ್ಬರಲ್ಲಿ ಪಾಠ ಹೇಳಿಸಿಕೊಂಡವಳು ನಾನೇ.

ಅವರ ಪರಿಚಯವಾದದ್ದು ನನ್ನ ಮುರಿದ ಸೊಂಟದಿಂದ. ನಿವೃತ್ತಿಯಾದ ವರ್ಷವೇ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಬಲಗಡೆಯ ಸೊಂಟದ ಕೀಲು ಬದಲಾಯಿಸಿಕೊಳ್ಳಬೇಕಾಯಿತು. ಮನೆಗೆ ಕಳಿಸುವಾಗ ಡಾಕ್ಟರು ಒಂದು ಕಟ್ಟಪ್ಪಣೆ ಮಾಡಿದರು: ಕೂತಾಗ ಮೊಣಕಾಲು ಸೊಂಟಕ್ಕಿಂತ ಮೇಲೆ ಬರಕೂಡದು. ಕುರ್ಚಿಗೆ ದಿಂಬು ಹಾಕಿಕೊಳ್ಳಬಹುದು, ಮಂಚಕ್ಕೆ ಇಟ್ಟಿಗೆ ಕೊಡಬಹುದು. ಆದರೆ ನನ್ನ ಜೀವವೆಲ್ಲ ಇದ್ದದ್ದು ಅಪ್ಪನ ಅಂಬಾಸಿಡರಿನಲ್ಲಿ.

ಆ ಕಾರಿನ ಕಥೆ ಸ್ವಲ್ಪ ಹೇಳಬೇಕು. ಅಪ್ಪ ಮಂಡಿಪೇಟೆಯಲ್ಲಿ ಕಾಳುಕಡಿಯ ಅಂಗಡಿ ಇಟ್ಟಿದ್ದವರು. ಅವರು ತಾರುಣ್ಯದಲ್ಲಿ ಕೊಂಡ ಕಾರು ಅದು; ಮುಂದಿನ ಸೀಟು ಈ ಬಾಗಿಲಿನಿಂದ ಆ ಬಾಗಿಲಿಗೆ ಒಂದೇ ಉದ್ದನೆಯ ಬೆಂಚು, ಗೇರು ಸ್ಟಿಯರಿಂಗಿನ ಪಕ್ಕದಲ್ಲಿ. ಅಪ್ಪ ಮಗಳಾದ ನನಗೆ ಕಾರು ಓಡಿಸಲು ಕಲಿಸಿದರು, ಮಗನಾದ ನನ್ನ ಅಣ್ಣನಿಗೆ ಕಲಿಸಲಿಲ್ಲ. ಯಾಕೆಂದರೆ ಅಣ್ಣ ಅಂಗಡಿ ನೋಡಿಕೊಳ್ಳಬೇಕು, ಅವನಿಗೆ ಅದೆಲ್ಲ ಯಾಕೆ ಎಂಬುದು ಅಪ್ಪನ ಲೆಕ್ಕ. ಅಣ್ಣ ಒಮ್ಮೆಯೂ ಬಾಯಿಬಿಟ್ಟು ಕೇಳಲಿಲ್ಲ. ಆದರೆ ಭಾನುವಾರ ಸಂಜೆ ಅಪ್ಪ ನನ್ನನ್ನು ಸ್ಟಿಯರಿಂಗ್ ಮುಂದೆ ಕೂರಿಸಿಕೊಂಡು ಹರಿಹರದ ರಸ್ತೆಗೆ ಹೊರಟಾಗ ಅವನು ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಗ ನನಗೆ ಅದು ಗೆದ್ದಂತೆ ಅನಿಸುತ್ತಿತ್ತು. ಈಗ ನಾಚಿಕೆಯಾಗುತ್ತದೆ.

ಅಪ್ಪ ತೀರಿಕೊಂಡ ಮೇಲೆ ಕಾರು ಅಣ್ಣನ ಗೋದಾಮಿನಲ್ಲಿ ತಾಡಪಾಲು ಹೊದ್ದು ನಿಂತಿತು. ನಾನು ಕೇಳಿಕೇಳಿ, ಅತ್ತಿಗೆಯ ಮೂಲಕ ಹೇಳಿಸಿ, ಕೊನೆಗೆ ಅದನ್ನು ಪಡೆದುಕೊಂಡೆ. ಅಣ್ಣ ಒಂದೇ ಒಂದು ಷರತ್ತು ಹಾಕಿದ್ದ: ಅವನು ಕೇಳಿದ ದಿನ ಅಪ್ಪ ಬಿಟ್ಟುಹೋದ ಹಾಗೆಯೇ ಕಾರು ವಾಪಸು ಬರಬೇಕು. ಅದಾದ ಮೇಲೆ ಮದುವೆ ಮುಂಜಿಗಳಲ್ಲಿ ಎದುರಾದರೆ ಊಟ ಆಯಿತಾ ಎನ್ನುವಷ್ಟು ಮಾತ್ರ ಮಾತು ಉಳಿದಿತ್ತು.

ಆ ಬೆಂಚು ಸೀಟು ಡ್ರೈವರಿನ ಕಡೆ ಕುಸಿದುಹೋಗಿತ್ತು. ಅದರಲ್ಲಿ ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತಿತ್ತು. ಬೆಂಚೇ ತಗ್ಗಿನದು, ದಿಂಬು ಹಾಕಿದರೆ ಓಡಿಸುವಾಗ ಜಾರುತ್ತಿತ್ತು; ಹೊಸ ಕಾಲದ ಎತ್ತರದ ಸೀಟು ಹಾಕಿಸದೆ ಬೇರೆ ದಾರಿಯಿರಲಿಲ್ಲ. ದಾವಣಗೆರೆಯಲ್ಲಿ ವಿಚಾರಿಸಿದ ಕಡೆಯೆಲ್ಲ ಒಂದೇ ಉತ್ತರ: ಹೊಸ ಸೀಟಿನ ಕಾಲು ಹಳೆಯ ತೂತಿಗೆ ಕೂರುವುದಿಲ್ಲ, ನೆಲಕ್ಕೆ ಎಂಟು ತೂತು ಹೊಡೆದು ವೆಲ್ಡ್ ಮಾಡಬೇಕು, ಅರ್ಧ ದಿನದ ಕೆಲಸ. ತೂತು ಹೊಡೆಯದೆ ಆಗುವುದಿಲ್ಲವೇ ಎಂದರೆ ನಗುತ್ತಿದ್ದರು. ಕೊನೆಗೆ ಒಬ್ಬ ಮೆಕ್ಯಾನಿಕ್ ನನ್ನ ಕಾಟ ತಾಳಲಾರದೆ, "ಹರಿಹರಕ್ಕೆ ಹೋಗ್ರಿ ಮೇಡಂ. ಅಲ್ಲೊಬ್ರು ನಿಮ್ಮಂಥೋರೇ ಅದಾರೆ" ಎಂದ.

ಮೆಕ್ಯಾನಿಕ್ಕನ ಡ್ರೈವರು ಕಾರು ಓಡಿಸಿದ, ನಾನು ಹಿಂದಿನ ಸೀಟಿನಲ್ಲಿ ಮೂರು ದಿಂಬಿನ ಮೇಲೆ ಕೂತು ಹೋದೆ. ಚಾಚಾ ಹೊರಗೆ ಬಂದರು. ತೆಳ್ಳನೆಯ ಆಳು, ಮಾಸಿದ ಟೋಪಿ, ಹೆಬ್ಬೆರಳಿಗೆ ಸೂಜಿ ಚುಚ್ಚದಂತೆ ಸುತ್ತಿದ ತೊಗಲಿನ ಪಟ್ಟಿ. ಕಾರಿನ ಬಾಗಿಲು ತೆಗೆದವರು ಒಳಗೆ ಕಾಲಿಡುವ ಮೊದಲು ಚಪ್ಪಲಿ ಬಿಟ್ಟರು. ಡ್ರೈವರು ಕಿಸಕ್ಕೆಂದು ನಕ್ಕ. ಆಮೇಲೆ ಗೊತ್ತಾಯಿತು, ಅವರು ಟ್ರ್ಯಾಕ್ಟರ್ ಹತ್ತುವಾಗಲೂ ಚಪ್ಪಲಿ ಬಿಡುವವರೇ.

ಬೆಂಚನ್ನು ಅಂಗೈಯಲ್ಲಿ ಒತ್ತಿ, ಕಿವಿ ಹಚ್ಚಿ ಸ್ಪ್ರಿಂಗಿನ ಸದ್ದು ಕೇಳಿ, ಕೆಳಗೆ ಇಣುಕಿ, ಬಹಳ ಹೊತ್ತಿನ ಮೇಲೆ ಎದ್ದರು. ಡ್ರೈವರಿನ ಕಡೆಯ ಕುಳಿಯನ್ನು ತೋರಿಸಿ, ಇಲ್ಲಿ ಯಾರು ಕೂರುತ್ತಿದ್ದರು ಎಂದು ಕೇಳಿದರು. ಅಪ್ಪ ಎಂದೆ. ಅವರು ಮತ್ತೊಮ್ಮೆ ಅಂಗೈಯನ್ನು ಆ ಕುಳಿಯಲ್ಲಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದರು. ನಾನು ಅಣ್ಣನ ಷರತ್ತನ್ನು ಹೇಳಿದೆ. ನೆಲ ಕೊರೆಯುವ ಮಾತು ಬಂದಾಗ ತಲೆ ಅಲ್ಲಾಡಿಸಿದರು.

"ನೆಲಕ್ಕೆ ತೂತು ಬ್ಯಾಡ ಅಕ್ಕೋರೇ. ಈ ಕಾರು ನನಗಿಂತ ಮುಂಚೆ ಬಂದೈತೆ, ನನ್ನ ಹಿಂದೇನೂ ಇರ್ತೈತೆ. ನಾವು ಹಾಕಿದ್ದು ನಾಳೆ ಬಿಚ್ಚಿದ್ರೆ ಮೊದ್ಲಿದ್ದಂಗೆ ಇರ್ಬೇಕು. ಅಂಗೆ ಮಾಡಾಕೆ ಆಗ್ತೈತೆ, ಟೈಮ್ ಹಿಡಿತೈತೆ ಅಷ್ಟೆ."

ಈ ಹಟ ಎಲ್ಲಿಂದ ಬಂತೆಂದು ಮುಂದೆ ಒಂದು ದಿನ ಕೇಳಿದ್ದೆ. ಹುಡುಗುತನದಲ್ಲಿ ದಾವಣಗೆರೆಯಲ್ಲಿ ಉಸ್ತಾದರ ಕೈಕೆಳಗೆ ಕೆಲಸ ಕಲಿಯುವಾಗ ಒಬ್ಬರ ಕಾರಿಗೆ ಇವರೇ ನಾಲ್ಕು ತೂತು ಹೊಡೆದರಂತೆ. ಎರಡು ಮಳೆಗಾಲ ಕಳೆದ ಮೇಲೆ ಆ ಕಾರು ವಾಪಸು ಬಂದಾಗ ತೂತಿನ ಸುತ್ತ ನೆಲ ತುಕ್ಕು ತಿಂದು ಹಪ್ಪಳದ ಹಾಗೆ ಮುರಿಯುತ್ತಿತ್ತು. ಯಾರೂ ಇವರನ್ನು ಬೈಯಲಿಲ್ಲ, ತೂತು ಹೊಡೆದದ್ದರಿಂದ ಹೀಗಾಯಿತೆಂದು ಯಾರಿಗೂ ಹೊಳೆಯಲೂ ಇಲ್ಲ. ಯಾರೂ ಬೈಯದೆ ಇದ್ದದ್ದೇ ತಮಗೆ ಬಹಳ ಕೆಟ್ಟದೆನಿಸಿತು ಎಂದರು.

ಅವರ ಕೆಲಸದ ರೀತಿ ಬೇರೆ ಯಾರಲ್ಲಿಯೂ ನಾನು ಕಂಡಿಲ್ಲ. ಎಲ್ಲರೂ ಕಾರಿನ ಅಳತೆ ತೆಗೆದುಕೊಂಡರೆ ಅವರು ಮೊದಲು ಕೂರುವವರ ಅಳತೆ ತೆಗೆದುಕೊಳ್ಳುತ್ತಿದ್ದರು. ಅದಕ್ಕೊಂದು ಪೆಟ್ಟಿಗೆಯಿತ್ತು. ಎರಡು ಅಡಿ ಉದ್ದ, ಎರಡು ಅಡಿ ಅಗಲದ, ಗೇಣು ಆಳದ ಮರದ ಪೆಟ್ಟಿಗೆ. ಅದರ ತುಂಬ ಅಕ್ಕಿ ಗಿರಣಿಯಿಂದ ತಂದ ನುಣ್ಣನೆಯ ಭತ್ತದ ಹೊಟ್ಟು, ಅದಕ್ಕೆ ಒಂದಿಷ್ಟು ಹೊಳೆಯ ಮರಳು. ನೀರು ಚಿಮುಕಿಸಿ, ಮೇಲೊಂದು ತೆಳು ಬಟ್ಟೆ ಹಾಸಿ, ಅದರ ಮೇಲೆ ಗಿರಾಕಿಯನ್ನು ಕೂರಿಸುತ್ತಿದ್ದರು. ಸ್ಟಿಯರಿಂಗ್ ಹಿಡಿದ ಹಾಗೆ ಕೈ ಚಾಚಿ ಕೂರಬೇಕು. ಎದ್ದ ಮೇಲೆ ಬಟ್ಟೆ ಸರಿಸಿದರೆ ಭಾರ ಎಲ್ಲೆಲ್ಲಿ ಬೀಳುತ್ತದೆ ಎಂಬುದು ಹೊಟ್ಟಿನಲ್ಲಿ ಮೂಡಿರುತ್ತಿತ್ತು.

ಹೆಂಗಸರು ಕೂತಾಗ ಅವರು ಬೀದಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಆ ಗುರುತನ್ನು ಅಂಗೈಯಿಂದ ಓದುವುದು ಅವರ ಹೆಂಡತಿಯ ಕೆಲಸ. ಆಕೆಯನ್ನು ನಾನು ಚಾಚಿ ಎನ್ನುತ್ತಿದ್ದೆ. ಹೊಲಿಗೆ, ನಾರು ತುಂಬುವುದು ಎಲ್ಲ ಚಾಚಿಯದೇ. ನನ್ನ ಗುರುತಿನ ಮೇಲೆ ಕೈಯಾಡಿಸಿ, "ಬಲಕ್ಕೆ ಹೆದರ್ತಾರೆ, ಎಡಕ್ಕೆ ಭಾರ ಹಾಕ್ತಾರೆ" ಎಂದು ಬೀದಿಯ ಕಡೆ ತಿರುಗಿದ್ದ ಗಂಡನಿಗೆ ವರದಿ ಒಪ್ಪಿಸಿದರು. ನನ್ನ ಡಾಕ್ಟರು ಎಕ್ಸ್‌ರೇ ನೋಡಿ ಹೇಳಿದ್ದೂ ಅದನ್ನೇ.

ಒಮ್ಮೆ ನನ್ನೆದುರಿಗೇ ಭಾನುವಳ್ಳಿಯ ರೈತರೊಬ್ಬರು ಟ್ರ್ಯಾಕ್ಟರಿಗೆ ಹೊಸ ಸೀಟು ಮಾಡಿಸಲು ಬಂದರು. ಇದ್ದ ಸೀಟು ಸೊಟ್ಟ, ಬೆನ್ನು ನೋವು ಎಂಬುದು ಅವರ ದೂರು. ಪೆಟ್ಟಿಗೆಯಲ್ಲಿ ಕೂರಿಸಿ ನೋಡಿದ ಚಾಚಾ, ಜೇಬಿನಲ್ಲಿ ಏನಿದೆ ಎಂದು ಕೇಳಿದರು. ಹಿಂದಿನ ಜೇಬಿನಿಂದ ಎಲೆ ಅಡಿಕೆಯ ಚೀಲ, ಸುಣ್ಣದ ಡಬ್ಬಿ, ಒಂದು ಗೊಂಚಲು ಬೀಗದ ಕೈ ಹೊರಬಂದವು. ಅದನ್ನೆಲ್ಲ ಅಂಗಿಯ ಜೇಬಿಗೆ ಹಾಕಿಕೊಳ್ಳಿ, ಸೀಟು ನೆಟ್ಟಗಾಗುತ್ತದೆ ಎಂದು ಹೇಳಿ ಚಹಾ ಕುಡಿಸಿ ಕಳಿಸಿದರು. ಹೀಗೆ ಮಾಡಿದರೆ ಅಂಗಡಿ ನಡೆಯುವುದು ಹೇಗೆಂದು ಚಾಚಿ ಗೊಣಗಿದರು. ಚಾಚಾ ಸೂಜಿಗೆ ದಾರ ಪೋಣಿಸುತ್ತಾ ಕೂತರು. ಹೆಂಡತಿಗೆ ಎದುರು ಮಾತಾಡಿದ್ದನ್ನು ನಾನು ಕಂಡೇ ಇಲ್ಲ.

ನನ್ನ ಕಾರಿಗೆ ಅವರು ಮಾಡಿದ್ದು ಇಷ್ಟು. ಬೆಂಚನ್ನು ಹಿಡಿದಿದ್ದ ನಾಲ್ಕು ಬೋಲ್ಟುಗಳನ್ನು ಬಿಚ್ಚಿ ಬೆಂಚನ್ನು ಇಳಿಸಿದರು. ಆ ಹಳೆಯ ನಾಲ್ಕು ತೂತುಗಳಿಗೆ ಮಾತ್ರ ಸರಿಯಾಗಿ ಕೂರುವ ಒಂದು ಕಬ್ಬಿಣದ ಚೌಕಟ್ಟನ್ನು ದಪ್ಪ ಪಟ್ಟಿಯಿಂದ ಮಾಡಿಸಿದರು. ಗುಜರಿಗೆ ಬಂದ ಹೊಸ ಕಾರೊಂದರ ಎರಡು ಬಿಡಿ ಸೀಟುಗಳನ್ನು ತಂದು ಆ ಚೌಕಟ್ಟಿನ ಮೇಲೆ ಬಿಗಿದರು. ಹೇಳಲು ಸುಲಭ. ಸೀಟು ಎತ್ತರವಾದರೆ ತಲೆ ಚಾವಣಿಗೆ ಬಡಿಯುತ್ತದೆ, ತಗ್ಗಾದರೆ ಮೊಣಕಾಲು ಮೇಲೇಳುತ್ತದೆ. ಆ ಎರಡರ ನಡುವೆ ಇದ್ದದ್ದು ಎರಡು ಬೆರಳಿನಷ್ಟು ಜಾಗ. ಚೌಕಟ್ಟನ್ನು ಐದು ಸಲ ಕತ್ತರಿಸಿ ಮತ್ತೆ ಬೆಸುಗೆ ಹಾಕಿಸಿದರು. ನೆಲದಲ್ಲಿ ಒಂದು ಕಡೆ ತುಕ್ಕು ಕಂಡದ್ದನ್ನು ಯಾರೂ ಹೇಳದೆಯೇ ಕೆರೆದು ಕೆಂಪು ಬಣ್ಣ ಬಳಿದರು. ಒಂದೂವರೆ ತಿಂಗಳ ಮೇಲೆ ನಾನು ಸ್ಟಿಯರಿಂಗ್ ಹಿಡಿದು ಹರಿಹರದಿಂದ ದಾವಣಗೆರೆಯವರೆಗೆ ಓಡಿಸಿಕೊಂಡು ಬಂದೆ. ಸೊಂಟದ ನೆನಪೇ ಆಗಲಿಲ್ಲ. ಮರುದಿನ ಫೋನ್ ಮಾಡಿ ಹೇಳಿದಾಗ ಅವರು, "ಕುಂತೋರಿಗೆ ಸೀಟು ಮರ್ತು ಹೋಗ್ಬೇಕು ಅಕ್ಕೋರೇ. ನೆನಪಿಗೆ ಬಂತು ಅಂದ್ರೆ ನಮ್ಮ ಕೆಲಸ ಕೆಟ್ಟೈತೆ ಅಂತ" ಎಂದರು.

ಬೆಂಚನ್ನು ಇಡಲು ನನ್ನ ಚಿಕ್ಕ ಮನೆಯಲ್ಲಿ ಜಾಗವಿರಲಿಲ್ಲ. ಅದನ್ನು ಅವರೇ ಗೋಣಿಯಲ್ಲಿ ಸುತ್ತಿ, ನಾಲ್ಕು ಬೋಲ್ಟುಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಅದಕ್ಕೇ ಬಿಗಿದು, ತೊಲೆಯ ಹಗ್ಗಕ್ಕೆ ತೂಗುಬಿಟ್ಟರು. ಬೆಂಚಿಗೆ ಹೊಸ ನಾರು ತುಂಬಿಸಿಬಿಡೋಣವೇ ಎಂದು ನಾನು ಕೇಳಿದ್ದೆ. ಬೇಡವೆಂದರು. ಅದು ನಿಮ್ಮ ತಂದೆಯವರು ಕೂತ ಜಾಗ, ನಿಮ್ಮ ಅಣ್ಣ ಕೇಳುತ್ತಿರುವುದು ಅದನ್ನೇ ಇರಬೇಕು ಎಂದರು. ಅಣ್ಣ ಕೇಳಿದ ದಿನ ತಾವೇ ಬಂದು ಅದನ್ನು ಮತ್ತೆ ಕೂರಿಸಿ ಕೊಡುವುದಾಗಿ ಮಾತು ಕೊಟ್ಟರು.

ಇಷ್ಟರ ಮೇಲೆ ನಾನು ಹರಿಹರಕ್ಕೆ ಹೋದಾಗಲೆಲ್ಲ ಅವರಲ್ಲಿ ಇಳಿಯುವುದು ರೂಢಿಯಾಯಿತು. ನಾನು ಮಂಡಕ್ಕಿ ಕಟ್ಟಿಸಿಕೊಂಡು ಹೋಗುತ್ತಿದ್ದೆ, ಚಾಚಿ ಚಹಾ ಮಾಡುತ್ತಿದ್ದರು. ಮೂರು ವರ್ಷ ಹೀಗೆ ಕಳೆಯಿತು. ಆಮೇಲೆ ಚಾಚಾಗೆ ಎರಡೂ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ಒಂದು ತಿಂಗಳು ಅವರು ಅಂಗಡಿಯ ಕಡೆ ಬರಲಿಲ್ಲ.

ಅವರು ಮತ್ತೆ ಅಂಗಡಿಗೆ ಬಂದ ದಿನ ನಾನೂ ನೋಡಲು ಹೋಗಿದ್ದೆ. ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದರು. ಚಾಚಿಯ ಮುಖದಲ್ಲಿ ಏನೋ ಸಡಗರ. ಏನೋ ತೋರಿಸುತ್ತೇನೆ ಬನ್ನಿ ಎಂದು ನನ್ನನ್ನು ಒಳಗೆ ಕರೆದು ಗೋಣಿ ಬಿಚ್ಚಿದರು. ಅಪ್ಪನ ಬೆಂಚು ಮದುವಣಗಿತ್ತಿಯಂತೆ ಕೂತಿತ್ತು. ಹಳೆಯ ರೆಕ್ಸಿನ್ನನ್ನೇ ಜೋಪಾನವಾಗಿ ಬಿಚ್ಚಿ, ಒಳಗಿನ ನಾರನ್ನೆಲ್ಲ ತೆಗೆದು ಹೊಸ ನಾರು ತುಂಬಿ, ಹಳೆಯ ಹೊಲಿಗೆಯ ತೂತುಗಳಲ್ಲೇ ದಾರ ಹಾಯಿಸಿ ಹೊಲಿದಿದ್ದರು. ಡ್ರೈವರಿನ ಕಡೆ ಕುಳಿಯ ಸುಳಿವೇ ಇರಲಿಲ್ಲ. ಗಂಡನ ಕಣ್ಣು ಬರಲಿ, ಒಬ್ಬರ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತೇನೆ ಎಂದು ಹರಕೆ ಹೊತ್ತಿದ್ದರಂತೆ. ಕುಶನ್ ಅಂಗಡಿಯಲ್ಲಿ ಕುಸಿದ ಸೀಟು ಇಟ್ಟುಕೊಳ್ಳುವುದು ಮನೆಗೆ ಬಂದವರನ್ನು ಹಸಿದು ಕಳಿಸಿದ ಹಾಗೆ ಎಂಬುದು ಅವರ ನಂಬಿಕೆ. ಹರಕೆಗೆ ಅದಕ್ಕಿಂತ ಒಳ್ಳೆಯ ಕೆಲಸ ಅವರಿಗೆ ಕಾಣಲಿಲ್ಲ. ಅದನ್ನು ಹಾಗೇ ಬಿಡಬೇಕೆಂದು ಚಾಚಾ ನನಗೆ ಹೇಳಿದ್ದರೇ ಹೊರತು ಆಕೆಗೆ ಹೇಳಿರಲಿಲ್ಲ.

ನಾನು ಆ ಕ್ಷಣ ಆಡಿದ ಮಾತನ್ನು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ. "ನಿಮ್ಮನ್ನ ಯಾರು ಕೇಳಿದ್ರು?" ಎಂದೆ. ಕ್ಲಾಸಿನಲ್ಲಿ ಮಕ್ಕಳನ್ನು ಗದರಿಸುತ್ತಿದ್ದ ದನಿಯಲ್ಲೇ ಅಂದೆ. ಚಾಚಿಯ ಕೈಯಲ್ಲಿದ್ದ ಗೋಣಿ ಕೆಳಗೆ ಬಿತ್ತು. ಚಾಚಾ ಎದ್ದು ಬಂದು ಬೆಂಚಿನ ಮೇಲೆ ಅಂಗೈ ಒತ್ತಿ ನೋಡಿದರು. ಹೆಂಡತಿಯನ್ನು ಒಂದು ಮಾತೂ ಅನ್ನಲಿಲ್ಲ. ಹೇಳದೆ ಇದ್ದದ್ದು ನನ್ನ ತಪ್ಪು ಎಂದಷ್ಟೇ ಅಂದು ನನ್ನೆದುರು ಕೈ ಮುಗಿದರು. ಆಗ ನನಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನಿಸಿತು.

ಸ್ವಲ್ಪ ಸಮಾಧಾನವಾದ ಮೇಲೆ ನಾನೇ ಒಂದು ಉಪಾಯ ಹೇಳಿದೆ. ಅಣ್ಣ ಒಂದು ದಿನವೂ ಆ ಜಾಗದಲ್ಲಿ ಕೂತವನಲ್ಲ. ಕುಳಿ ಇತ್ತೆಂಬುದೇ ಅವನಿಗೆ ತಿಳಿಯದು. ಸುಮ್ಮನೆ ಇದ್ದುಬಿಡೋಣ ಎಂದೆ.

"ಅವ್ರು ಕೇಳಿದ ದಿನ ನಾನು ಏನಂತ ಕೊಡ್ಲಿ?" ಎಂದರು ಚಾಚಾ. "ತೂತು ಅನ್ನೋದು ನೆಲಕ್ಕೇ ಬೀಳ್ಬೇಕು ಅಂತೇನಿಲ್ಲ ಅಕ್ಕೋರೇ."

ಎರಡು ದಿನದ ಮೇಲೆ, ಕಣ್ಣಿಗೆ ಬಿಸಿಲು ಬೀಳಬಾರದೆಂದು ಡಾಕ್ಟರು ಹೇಳಿದ್ದರೂ ಕೇಳದೆ, ಬಸ್ಸು ಹತ್ತಿ ದಾವಣಗೆರೆಗೆ ಬಂದು ಅವರು ಮಂಡಿಪೇಟೆಯ ಅಂಗಡಿಯಲ್ಲಿ ನನ್ನ ಅಣ್ಣನ ಮುಂದೆ ನಿಂತರು. ಅಲ್ಲಿ ಆದದ್ದನ್ನು ಅಣ್ಣನೇ ಆಮೇಲೆ ನನಗೆ ಹೇಳಿದ. ಗಿರಾಕಿಗಳೆಲ್ಲ ಹೋಗುವವರೆಗೆ ಒಂದು ಮೂಲೆಯಲ್ಲಿ ನಿಂತಿದ್ದು, ಆಮೇಲೆ ನಡೆದದ್ದನ್ನೆಲ್ಲ ಹೇಳಿದರಂತೆ. ಹೆಂಡತಿಯ ಹೆಸರೆತ್ತಲಿಲ್ಲ, ನನ್ನ ಅಂಗಡಿಯಲ್ಲಿ ಆಯಿತು ಎಂದರಂತೆ. ಅಣ್ಣ ಸಿಟ್ಟಾದ. ಎದ್ದು ನಿಂತು ಏನೇನೋ ಅಂದ. ಚಾಚಾ ಎಲ್ಲವನ್ನೂ ಕೇಳಿಸಿಕೊಂಡು, ಒಂದು ಸಲ ಹರಿಹರಕ್ಕೆ ಬಂದು ಪೆಟ್ಟಿಗೆಯಲ್ಲಿ ಕೂರಬೇಕು, ತಂದೆಯ ಅಳತೆ ಸಿಕ್ಕರೆ ಮಗನಲ್ಲೇ ಸಿಗಬೇಕು, ಕುಳಿಯನ್ನು ಮತ್ತೆ ತರಿಸಲು ನೋಡುತ್ತೇನೆ ಎಂದು ಕೇಳಿಕೊಂಡರು. ಈ ಸಾಬರಿಗೆ ಬುದ್ಧಿ ಸರಿಯಿಲ್ಲ ಎಂದುಕೊಂಡನಂತೆ ಅಣ್ಣ. ಆದರೂ ಅಂಗಡಿಯ ರಜೆಯ ದಿನ ಹೊರಟು ಬಂದ.

ಆ ಬೆಳಿಗ್ಗೆ ಅಣ್ಣ ಒಳಗೆ ಬಂದಾಗ ನಾನು ಅಲ್ಲೇ ಇದ್ದೆ. ಅವನು ನನ್ನ ಕಡೆ ನೋಡಲಿಲ್ಲ. ಚಾಚಾ ಹೊಟ್ಟಿಗೆ ನೀರು ಚಿಮುಕಿಸಿ, ಬಟ್ಟೆ ಹಾಸಿ, "ಕೂಡ್ರಿ ಸಾವ್ಕಾರ್ರೆ. ಕಾರು ಹೊಡಿಯೋರಂಗೆ ಕೈ ಮುಂದೆ ಮಾಡ್ರಿ" ಎಂದರು. ಅರವತ್ತೈದು ದಾಟಿದ ನನ್ನ ಅಣ್ಣ, ಒಂದು ದಿನವೂ ಸ್ಟಿಯರಿಂಗ್ ಮುಟ್ಟದವನು, ಧೋತ್ರ ಎತ್ತಿಕೊಂಡು ಆ ಪೆಟ್ಟಿಗೆಯಲ್ಲಿ ಕೂತು ಎರಡೂ ಕೈಗಳನ್ನು ಗಾಳಿಯಲ್ಲಿ ಚಾಚಿದ. ಬೇರೆ ದಿನವಾಗಿದ್ದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಅವನು ಎದ್ದ ಮೇಲೆ ಚಾಚಾ ಬಟ್ಟೆ ಸರಿಸಿದರು. ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಕಣ್ಣು ಮುಚ್ಚಿಕೊಂಡು ಅಂಗೈಯನ್ನು ಆ ಗುರುತಿನಲ್ಲಿ ಇಟ್ಟರು. ಮೂರು ವರ್ಷದ ಹಿಂದೆ ಅಪ್ಪನ ಕುಳಿಯಲ್ಲಿ ಕೈಯಿಟ್ಟುಕೊಂಡು ನಿಂತದ್ದು ನನಗೆ ನೆನಪಾಯಿತು. ಅವರ ಕೈಗೂ ಅದು ನೆನಪಿತ್ತು.

"ಇದು ಅವ್ರದೇ" ಎಂದರು. "ಎಡತೊಡೆ ಹಿಂದಕ್ಕೆ, ಬಲ ಮುಂದಕ್ಕೆ. ಸಾವ್ಕಾರ್ರೆ, ನೀವು ನಿಮ್ಮ ತಂದೆಯೋರಂಗೇ ಕುಂದ್ರತೀರಿ."

ಅಣ್ಣ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ. ಅಪ್ಪ ಅವನಿಗೆ ಕೊಡದೆ ಹೋದ ಜಾಗ ಅದು.

ಚಾಚಿ ಬೆಂಚಿನ ಹೊಲಿಗೆ ಬಿಚ್ಚಿ, ತಾವು ತುಂಬಿದ್ದ ನಾರನ್ನು ತಾವೇ ಆ ಗುರುತಿನ ಪ್ರಕಾರ ತೆಗೆದು ತೆಳುವು ಮಾಡಿದರು. ನಾನು ಪಕ್ಕದಲ್ಲಿ ಕೂತು ದಾರ ಹಿಡಿದೆ. ಅವರ ಕ್ಷಮೆ ಕೇಳಿದೆ. ಅದೆಲ್ಲ ಯಾಕೆ ಬಿಡ್ರಿ ಎಂದು ನನ್ನ ಕೈಗೆ ಸೂಜಿ ಕೊಟ್ಟರು. ಆದರೆ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ, ಉಳಿದದ್ದು ಕೂತೇ ಆಗಬೇಕು ಎಂದರು ಚಾಚಾ. ಹಾಗಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಪ್ರತಿ ರಜೆಯ ದಿನ ಅಣ್ಣ ಹರಿಹರಕ್ಕೆ ಬಂದು, ಎರಡು ಕಲ್ಲಿನ ಮೇಲೆ ಇಟ್ಟ ಬೆಂಚಿನಲ್ಲಿ ಅಪ್ಪನ ಜಾಗದಲ್ಲಿ ಕೂತು ಪೇಪರು ಓದುತ್ತಿದ್ದ. ಮೊದಮೊದಲು ಬಸ್ಸಿನಲ್ಲಿ ಬರುತ್ತಿದ್ದ. ಆಮೇಲೆ ನಾನು ಕಾರಿನಲ್ಲಿ ಕರೆತರತೊಡಗಿದೆ. ಹೋಗುತ್ತಾ ಬರುತ್ತಾ ನಾವಿಬ್ಬರೂ ನಲವತ್ತು ವರ್ಷದಲ್ಲಿ ಆಡದ ಮಾತುಗಳನ್ನು ಆಡಿದೆವು. ಕಾರು ವಾಪಸು ಬೇಕೆಂದು ಅವನು ಕೇಳಲೇ ಇಲ್ಲ.

ಕಳೆದ ಬೇಸಿಗೆಯಲ್ಲಿ ಚಾಚಾ ಸೊರಗುತ್ತಾ ಬಂದರು. ಹೊಟ್ಟೆಯಲ್ಲಿ ಏನೋ ಗಂಟು ಎಂದರು ಡಾಕ್ಟರು, ಅಷ್ಟು ಹೊತ್ತಿಗೆ ಬಹಳ ತಡವಾಗಿತ್ತು. ಮನೆಯಲ್ಲಿ ಮಲಗಿರಿ ಎಂದರೆ ಕೇಳದೆ ದಿನವೂ ಅಂಗಡಿಗೆ ಬರುತ್ತಿದ್ದರು. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ಊರಿಗೆಲ್ಲ ಮೆತ್ತೆ ಮಾಡಿಕೊಟ್ಟವರಿಗೆ ಯಾವ ಮೆತ್ತೆಯ ಮೇಲೂ ಕೂರಲಾಗದೆ, ಕೊನೆಯ ವಾರ ತಮ್ಮ ಹೊಟ್ಟಿನ ಪೆಟ್ಟಿಗೆಯಲ್ಲೇ ಬಟ್ಟೆ ಹಾಸಿಸಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದರು. ಅಲ್ಲಿಂದಲೇ ಒಂದು ಸಂಜೆ ಅಕ್ಕಪಕ್ಕದ ಅಂಗಡಿಯವರು ಅವರನ್ನು ಎತ್ತಿಕೊಂಡು ಮನೆಗೆ ಕರೆದೊಯ್ದರು. ಮರುದಿನ ಅವರಿರಲಿಲ್ಲ.

ನಲವತ್ತು ದಿನ ಕಳೆದ ಮೇಲೆ ಚಾಚಿ ಮಳಿಗೆ ಬಿಟ್ಟುಕೊಡಲು ತೀರ್ಮಾನಿಸಿದರು. ಸಹಾಯಕ್ಕೆಂದು ನಾನೂ ಅಣ್ಣನೂ ಹೋದೆವು. ಬೆಂಚನ್ನು ಅಣ್ಣ ಬೆಳಿಗ್ಗೆಯೇ ಲಗೇಜ್ ಆಟೋದಲ್ಲಿ ತನ್ನ ಮನೆಗೆ ಕಳಿಸಿದ. ಹೊಲಿಗೆಯ ಮಿಷಿನ್ನು, ಸಾಮಾನು ಎಲ್ಲ ಹೋದವು. ಹಗ್ಗಗಳನ್ನು ಬಿಚ್ಚಿದೆವು. ಮಾಲೀಕರ ಮಗ ಗೋಡೆ ನೋಡಿದ್ದು ಆಗಲೇ.

ಮೂಲೆಯಲ್ಲಿ ಆ ಪೆಟ್ಟಿಗೆಯೊಂದೇ ಉಳಿದಿತ್ತು, ಮೇಲೆ ಬಿಳಿಯ ಬಟ್ಟೆ ಮುಚ್ಚಿಕೊಂಡು. ಹೊಟ್ಟನ್ನು ಚೆಲ್ಲಿ ಪೆಟ್ಟಿಗೆಯನ್ನು ಹೊರಗಿಡಲು ಅಣ್ಣ ಬಗ್ಗಿದ. ಚಾಚಿ ಅಡ್ಡ ಬಂದರು. ಬಟ್ಟೆಯ ಒಂದು ಅಂಚನ್ನು ಎತ್ತಿ ನಮಗೆ ತೋರಿಸಿದರು. ಒಣಗಿದ ಹೊಟ್ಟಿನಲ್ಲಿ ಒಂದು ಪುಟ್ಟ ಕುಳಿಯಿತ್ತು. ಎರಡು ಎಲುಬಿನ ಗುರುತು, ಒಂದು ಕಡೆ ಊರಿದ್ದ ಅಂಗೈಯ ಗುರುತು. ಆ ಸಂಜೆ ಚಾಚಾರನ್ನು ಎತ್ತಿಕೊಂಡು ಹೋದ ಮೇಲೆ ಅದನ್ನು ಚಾಚಿ ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

"ಇದನ್ನ ಮಾತ್ರ ನಾ ತುಂಬಲ್ಲ ಅಕ್ಕೋರೇ" ಎಂದರು. "ಹಿಂಗೇ ಮನೆಗೆ ಒಯ್ಯಾಕೆ ಆಗ್ತೈತಾ?"

ಹಿಂದಿನ ಸೀಟಿನ ಮೇಲಿಟ್ಟರೆ ಪೆಟ್ಟಿಗೆ ವಾಲುತ್ತದೆ, ಡಿಕ್ಕಿಯಲ್ಲಿಟ್ಟರೆ ಕುಲುಕುತ್ತದೆ. ಸಮತಟ್ಟಾದ ಜಾಗ ಇದ್ದದ್ದು ಒಂದೇ. ಅಣ್ಣ ಸ್ಪ್ಯಾನರ್ ಕೇಳಿದ. ಚಪ್ಪಲಿ ಬಿಟ್ಟು ಕಾರಿನೊಳಗೆ ಮಂಡಿಯೂರಿ, ಎಡಗಡೆಯ ಸೀಟಿನ ನಾಲ್ಕು ಬೋಲ್ಟುಗಳನ್ನು ಬಿಚ್ಚಿದ. ಸೀಟನ್ನು ಎತ್ತಿ ಹೊರಗಿಟ್ಟೆವು. ಕಬ್ಬಿಣದ ಚೌಕಟ್ಟಿನ ಕೆಳಗೆ ಅಪ್ಪನ ಕಾರಿನ ನೆಲ ಕಾಣಿಸಿತು. ಹೊಸದೊಂದು ತೂತಿಲ್ಲ, ಒಂದು ಗೀರಿಲ್ಲ, ಒಂದು ಕಡೆ ಚಾಚಾ ಬಳಿದ ಕೆಂಪು ಬಣ್ಣ ಹಾಗೇ ಇತ್ತು. ಅಣ್ಣ ಅದರ ಮೇಲೆ ಕೈಯಾಡಿಸಿ, "ಅಪ್ಪ ಬಿಟ್ಟಂಗೇ ಐತೆ" ಎಂದ. ಅವನ ಷರತ್ತು ಅಲ್ಲಿಗೆ ತೀರಿತು.

ಪೆಟ್ಟಿಗೆಯನ್ನು ಮೂವರೂ ಹಿಡಿದು, ಉಸಿರು ಬಿಗಿಹಿಡಿದು ತಂದು ಆ ಚೌಕಟ್ಟಿನ ಮೇಲೆ ಇಟ್ಟೆವು. ಚಾಚಿಯೂ ಅಣ್ಣನೂ ಹಿಂದೆ ಕೂತರು. ಅಣ್ಣ ಮುಂದಕ್ಕೆ ಬಾಗಿ ಪೆಟ್ಟಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವರ ಮನೆಗೆ ಅಲ್ಲಿಂದ ಒಂದೂವರೆ ಮೈಲಿ. ನಾನು ಸೆಕೆಂಡ್ ಗೇರಿನ ಮೇಲೆ ಹೋಗಲಿಲ್ಲ. ಹಿಂದಿನಿಂದ ಬಸ್ಸು, ಲಾರಿ, ಬೈಕು ಎಲ್ಲ ಹಾರ್ನ್ ಹೊಡೆದವು, ಒಬ್ಬ ಪಕ್ಕಕ್ಕೆ ಬಂದು ಬೈದೂ ಹೋದ. ಪ್ರತಿಯೊಂದು ಉಬ್ಬಿನಲ್ಲಿಯೂ ಕಾರನ್ನು ಪೂರಾ ನಿಲ್ಲಿಸಿ ಒಂದೊಂದೇ ಗಾಲಿಯನ್ನು ಇಳಿಸಿದೆ. ಚಾಚಿ ಆ ಕಡೆ ನೋಡದೆ ಕಿಟಕಿಯ ಹೊರಗೆ ಮುಖ ಮಾಡಿ ಕೂತಿದ್ದರು.

ಮನೆಯ ಮುಂದೆ ಇಂಜಿನ್ ಆರಿಸಿದೆ. ಯಾರೂ ಇಳಿಯಲಿಲ್ಲ.

"ಐತೇನ್ರಿ ಸಾವ್ಕಾರ್ರೆ?" ಎಂದರು ಚಾಚಿ, ಕಿಟಕಿಯ ಕಡೆಗೇ ನೋಡುತ್ತಾ.

ಅಣ್ಣ ಬಟ್ಟೆಯ ಅಂಚನ್ನು ಎತ್ತಿ ನೋಡಿದ.

"ಐತೆ ಚಾಚಿ" ಎಂದ. "ಅವ್ರು ಕುಂತಂಗೇ ಐತೆ."